ದಪ್ಪಕ್ಷರದ ಪಥ್ಯ

ತಾಪತ್ರಯಕ್ಕೆಲ್ಲ ಮೂಲ ಒಂದು ಸಂದಿ. ಅಚ್ಚುಮನೆಯಲ್ಲಿ ದೊಡ್ಡ ಮಷಿನ್ನಿಗೂ ಗೋಡೆಗೂ ನಡುವೆ ಇದ್ದ ಆ ದಾರಿಯಲ್ಲಿ ಅಲ್ಲಿನವರಿಗೆ ಊಟ ಬೇಯಿಸುವ ಅಡುಗೆಯಣ್ಣ ವರ್ಷಗಟ್ಟಲೆ ಚಹಾದ ತಟ್ಟೆ ಹಿಡಿದು ಓಡಾಡಿದ್ದ. ಒಂದು ತೊಟ್ಟೂ ಚೆಲ್ಲಿದವನಲ್ಲ. ಆದರೆ ಆ ದಿನ ಬೆಳಿಗ್ಗೆ ಯಾರೋ ಪುಣ್ಯಾತ್ಮರು ಕಾಗದದ ಕಟ್ಟುಗಳನ್ನು ತಂದು ಗೋಡೆಯುದ್ದಕ್ಕೂ ಪೇರಿಸಿಟ್ಟಿದ್ದರು. ಅಡುಗೆಯಣ್ಣ ಎಂದಿನ ಧೈರ್ಯದಲ್ಲಿ ನುಗ್ಗಿದ. ಅರ್ಧ ದಾರಿಗೆ ಬಂದಾಗ ಹೊಟ್ಟೆ ಸಿಕ್ಕಿಕೊಂಡಿತು. ಮುಂದೆ ಹೋಗೋಣವೆಂದರೆ ಮಷಿನ್ನು, ಹಿಂದೆ ಸರಿಯೋಣವೆಂದರೆ ಕಾಗದ. ತಟ್ಟೆಯನ್ನು ತಲೆಯ ಮೇಲೆತ್ತಿಕೊಂಡು, ಬಾಟಲಿಯೊಳಗೆ ಸಿಕ್ಕಿದ ಬಿರಡೆಯ ಹಾಗೆ ನಿಂತುಬಿಟ್ಟ.

ಮಷಿನ್ ಓಡಿಸುವ ಮಾಮ ಚಹಾದ ತಟ್ಟೆಯನ್ನು ಇಸಿದುಕೊಂಡರು. ಮನುಷ್ಯನಿಗಿಂತ ಚಹಾ ಮುಖ್ಯ ನೋಡಿ. ಪುಸ್ತಕ ಹೊಲಿಯುವ ಬೈಂಡಿಂಗ್ ಅಕ್ಕ ಅವನ ಕೈ ಹಿಡಿದು ಜಗ್ಗಿದಳು. ಇನ್ನೇನು ಹೊರಗೆ ಬಂದ ಅನ್ನುವಷ್ಟರಲ್ಲಿ ಯಜಮಾನರ ಸವಾರಿ ಬಂತು.

"ಏನಯ್ಯಾ ಇದು ಅವತಾರ? ಇವತ್ತೇ ಆಗ್ಬೇಕಿತ್ತಾ?" ಎಂದು ಯಜಮಾನರು ಹಣೆ ಒತ್ತಿಕೊಂಡರು. "ಮಧ್ಯಾಹ್ನ ಒಬ್ಬರು ಆಹಾರ ತಜ್ಞೆ ಬರ್ತಿದಾರೆ. ಇಲ್ಲೇ ಊಟ. ಈ ಅಡುಗೆಮನೆ ಇಟ್ಕೋಬೇಕೋ, ಮುಚ್ಚಿ ಹೊರಗಿನಿಂದ ಡಬ್ಬಿ ಊಟ ತರಿಸ್ಬೇಕೋ, ಅವರು ಹೇಳಿದ ಹಾಗೆ." ಹೋಗುತ್ತ ಹೋಗುತ್ತ ತಿರುಗಿ ನೋಡಿ ಇನ್ನೊಂದು ಮಾತು ಸೇರಿಸಿದರು. "ಅವರು ಬಂದಾಗ ನೀನು ಸ್ವಲ್ಪ ಹಿಂದೇನೇ ಇರು. ಎದುರಿಗೆ ಬರ್ಬೇಡ."

ಅಡುಗೆಯಣ್ಣನಿಗೆ ಆ ಅಡುಗೆಮನೆ ಬರೀ ನೌಕರಿಯಲ್ಲ. ಆ ಒಲೆ ಯಾವ ಮೂಲೆಯಲ್ಲಿ ಜಾಸ್ತಿ ಉರಿಯುತ್ತದೆ, ಯಾವ ಪಾತ್ರೆ ಬೇಗ ತಳ ಹಿಡಿಯುತ್ತದೆ, ಯಾರಿಗೆ ಆಲೂಗಡ್ಡೆ ಗರಿಗರಿ ಬೇಕು, ಯಾರಿಗೆ ಮೆತ್ತಗೆ ಬೇಕು ಎಲ್ಲ ಅವನಿಗೆ ಗೊತ್ತು. ಅದನ್ನು ಬಿಟ್ಟು ಹೋಗಬೇಕೆಂದರೆ ಎಲ್ಲಿಗೆ ಹೋಗುವುದು, ಏನು ಮಾಡುವುದು?

"ಹೆದರ್ಬೇಡ ಕಣಯ್ಯಾ, ನಾವಿದೀವಿ" ಎಂದರು ಮಷಿನ್ ಮಾಮ. ಇವರಿದ್ದದ್ದೇ ಕಷ್ಟವಾಯಿತು ಅನ್ನುವುದು ಆಮೇಲಿನ ಮಾತು. "ಬರೋರು ಆಹಾರ ತಜ್ಞೆ. ಅಡುಗೆಯವನೇ ಹೀಗಿದ್ರೆ ಅವನ ಅಡುಗೆ ಹೇಗಿರತ್ತೆ ಅಂತ ಕೇಳಲ್ವಾ? ಮಧ್ಯಾಹ್ನದೊಳಗೆ ನಿನ್ನ ಸ್ವಲ್ಪ ಇಳಿಸ್ಬೇಕು. ಊಟಾನೂ ಬದಲಾಯಿಸ್ಬೇಕು."

"ಮಧ್ಯಾಹ್ನದೊಳಗಾ? ಮಾಮ, ನಾನೇನು ಚಕ್ರದ ಗಾಳಿನಾ, ಬಿಟ್ಟ ತಕ್ಷಣ ಇಳಿಯೋಕೆ?"

"ಅದಕ್ಕೆಲ್ಲ ದಾರಿ ಇದೆ. ಈಗ ಅಚ್ಚಾಗ್ತಿರೋ ಪುಸ್ತಕ ಯಾವುದು ಅನ್ಕೊಂಡಿದೀಯ? ಪೂರ್ತಿ ತೂಕ ಇಳಿಸೋ ವಿಷಯಾನೇ! ಹೆಸರಿರೋ ಹಾಳೆ, ಮುಖಪುಟ ಇನ್ನೂ ಬಂದಿಲ್ಲ. ಒಳಗಿನದೆಲ್ಲ ನನ್ನ ಕಣ್ಣೆದುರೇ ಓಡ್ತಿದೆ. ಒಂದೊಂದು ಅಧ್ಯಾಯದ ಮೇಲೂ ಇಷ್ಟಿಷ್ಟು ದಪ್ಪಕ್ಷರದಲ್ಲಿ ಒಂದೊಂದು ಮಾತು. 'ಬೆಳಗಿನ ತಿಂಡಿ ಬಿಟ್ಟರೆ ಬೇಗ ತೆಳ್ಳಗಾಗಬಹುದು.' 'ಅನ್ನವೇ ಬೊಜ್ಜಿಗೆ ಕಾರಣ.' ಎಂಥಾ ಮಾತು!"

"ಕೆಳಗೆ ಏನಿದೆ ಮಾಮ?"

"ಕೆಳಗೆ ಸಣ್ಣಕ್ಷರ. ಹಾಳೆ ಓಡುವಾಗ ಅದೆಲ್ಲ ಯಾರಿಗಯ್ಯಾ ಕಾಣತ್ತೆ? ಮುಖ್ಯವಾದ್ದನ್ನೇ ತಾನೇ ದಪ್ಪಕ್ಕೆ ಹಾಕೋದು?"

ಬೈಂಡಿಂಗ್ ಅಕ್ಕನೂ ತಲೆಯಾಡಿಸಿದಳು. ಅವಳ ಕೈಯಲ್ಲೂ ಅದೇ ಪುಸ್ತಕದ ಹಾಳೆಗಳು ಮಡಿಕೆಯಾಗುತ್ತಿದ್ದವು. ಮಡಿಕೆ ಹಾಕುವವರಿಗೆ ಓದಲು ಪುರುಸೊತ್ತೆಲ್ಲಿ? ಮೂಲೆ ಕೂಡಿಸುವಾಗ ಕಣ್ಣಿಗೆ ಬಿದ್ದಷ್ಟು ಓದು. "ನನ್ನ ಪಾಲಿಗೆ ಬಂದಿರೋದು 'ಎಣ್ಣೆಯೆಂದರೆ ವಿಷ' ಅನ್ನೋ ಅಧ್ಯಾಯ ಅಣ್ಣಾ. ಒಂದು ತೊಟ್ಟೂ ಹಾಕ್ಬೇಡ. ಎಲ್ಲ ನೀರಲ್ಲೇ ಬೇಯಿಸು."

ಅಡುಗೆಯಣ್ಣ ತನಗೆಂದು ತಟ್ಟೆಯಲ್ಲಿ ಹಾಕಿಟ್ಟುಕೊಂಡಿದ್ದ ತಿಂಡಿಯನ್ನು ಒಮ್ಮೆ ನೋಡಿದ. ಮಾಮ ಅದನ್ನು ಅವನ ಕಣ್ಣೆದುರಿಂದ ಸರಿಸಿದರು. ವ್ಯರ್ಥವಾಗಬಾರದೆಂದು ತಾವೇ ತಿಂದರು.

ಅಷ್ಟರಲ್ಲಿ ಸುದ್ದಿ ಗೇಟಿನವರೆಗೂ ಹೋಗಿತ್ತು. ಗೇಟು ಕಾಯುವ ತಾತ ತನ್ನ ದಪ್ಪ ರೇನ್‌ಕೋಟು ಹೆಗಲಿಗೆ ಹಾಕಿಕೊಂಡು ಬಂದ. "ಮಗಾ, ಕಾಗದದ ಕಟ್ಟು ಇಳಿಸುವಾಗ ಅಲ್ಲಿ ಅಚ್ಚಾಗಿ ಬಿದ್ದಿದ್ದ ಒಂದು ಹಾಳೆ ನಾನೂ ನೋಡಿದೆ. 'ಬೆವರು ಹರಿದಷ್ಟೂ ಕೊಬ್ಬು ಕರಗುತ್ತದೆ.' ಹಾಕ್ಕೋ ಇದನ್ನ."

"ತಾತ, ಒಲೆ ಮುಂದೆ ಇದನ್ನ ಹಾಕ್ಕೊಂಡ್ರೆ ನಾನೇ ಬೆಂದುಹೋಗ್ತೀನಲ್ಲ!"

"ಬೇಯ್ಲಿ ಅಂತಾನೇ ಕೊಡ್ತಿರೋದು."

ಕುತ್ತಿಗೆಯವರೆಗೆ ಗುಂಡಿ ಹಾಕಿಸಿ ತಾತ ಅವನನ್ನು ಮಹಡಿಯ ಮೆಟ್ಟಿಲು ಹತ್ತಿಸಿದ, ಇಳಿಸಿದ, ಮತ್ತೆ ಹತ್ತಿಸಿದ. ತಾನು ಮಾತ್ರ ಕೆಳಗಿನ ಮೆಟ್ಟಿಲಿನಲ್ಲಿ ಕೂತು "ಶಾಭಾಷ್ ಮಗಾ" ಎನ್ನುತ್ತಿದ್ದ. ಅಡುಗೆಯಣ್ಣ ಕೊನೆಗೆ ಒಲೆಯ ಮುಂದೆ ಬಂದು ನಿಂತಾಗ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು, ಒಳಗಿನಿಂದ ಗುರ್ ಅನ್ನುತ್ತಿತ್ತು ಅಷ್ಟೇ.

ಅವನ ಸಂಕಟ ನೋಡಲಾಗದೆ ಬೈಂಡಿಂಗ್ ಅಕ್ಕ ಒಂದು ಡಬ್ಬಿ ಬಿಸ್ಕತ್ತು ತಂದಳು. "ಇದನ್ನ ತಿನ್ನಬಹುದು ಅಣ್ಣಾ. 'ಸಕ್ಕರೆ ಇಲ್ಲದ ಬಿಸ್ಕತ್ತು ಎಷ್ಟು ತಿಂದರೂ ತೊಂದರೆಯಿಲ್ಲ.' ಅದೂ ದಪ್ಪಕ್ಷರದಲ್ಲೇ ಇತ್ತು." ಎಷ್ಟು ತಿಂದರೂ ಎಂಬ ಮಾತು ಅಡುಗೆಯಣ್ಣನಿಗೆ ಬಹಳ ಹಿಡಿಸಿತು. ಡಬ್ಬಿಯ ತಳ ಕಂಡ ಮೇಲೇ ನಿಲ್ಲಿಸಿದ. ಮರದ ಹೊಟ್ಟಿನ ರುಚಿ ಇದ್ದರೂ ಬಾಯಾಡಿಸುವ ಸುಖವಾದರೂ ಸಿಕ್ಕಿತಲ್ಲ.

ಇನ್ನು ಅಡುಗೆ. ಎಲೆಕೋಸು, ಕ್ಯಾರೆಟ್ಟು, ನೀರು ನೀರಾದ ಬೇಳೆ. ಹುರಿಯುವುದಿಲ್ಲ, ಬಾಡಿಸುವುದಿಲ್ಲ. ಅಡುಗೆಯಣ್ಣ ಸೌಟು ತುಂಬಿ ಅಭ್ಯಾಸಬಲದಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಲು ಹೋದ.

"ಏಯ್!" ಎಂದು ಮಾಮ ಬಾಗಿಲಿನಿಂದಲೇ ಕೂಗಿದರು. "ಇದೇ ನೋಡು ನಿನ್ನ ರೋಗ! ದಿನಾ ರುಚಿ ನೋಡ್ತೀನಿ ರುಚಿ ನೋಡ್ತೀನಿ ಅಂತ ಒಂದು ಊಟ ಒಳಗಿಳಿಸ್ತೀಯ. ಇವತ್ತು ನಾಲಿಗೆಗೆ ಏನೂ ತಾಗಕೂಡದು."

ಅಡುಗೆಯಣ್ಣ ಅಂಗೈ ಒರೆಸಿಕೊಂಡ. ಈಗ ಒಂದು ಗುಟ್ಟು ಹೇಳಬೇಕು. ಅವನು ಎಂದೂ ಅಳೆದು ಉಪ್ಪು ಹಾಕಿದವನಲ್ಲ. ಮೊದಲು ನೆಕ್ಕುವುದು, ಒಂದು ಕಣ್ಣು ಮುಚ್ಚುವುದು, ಆಮೇಲೆ ಕೈ ತಾನಾಗಿ ಉಪ್ಪಿನ ಡಬ್ಬಿಗೆ ಹೋಗುವುದು. ಉಪ್ಪು ಹಾಕು ಎಂದು ಕೈಗೆ ಹೇಳುತ್ತಿದ್ದದ್ದು ನಾಲಿಗೆ. ಆ ದಿನ ನಾಲಿಗೆ ಸುಮ್ಮನಿತ್ತು, ಕೈಯೂ ಸುಮ್ಮನಿದ್ದುಬಿಟ್ಟಿತು.

ಆಹಾರ ತಜ್ಞೆ ಬಂದರು. ತೆಳ್ಳಗೆ ಬಿದಿರು ಕಡ್ಡಿಯಂಥ ಹೆಂಗಸನ್ನು ನಿರೀಕ್ಷಿಸುತ್ತಿದ್ದ ಎಲ್ಲರೂ ಅವರ ಹಿಂದೆ ಇನ್ನಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿದರು. ಯಾರೂ ಇರಲಿಲ್ಲ. ಈ ಮೇಡಂ ಗುಂಡುಗುಂಡಗೆ, ನಗುಮುಖದ, ಚುರುಕು ನಡಿಗೆಯ ಹೆಂಗಸು. ಕೈ ತೊಳೆದು ಬಂದು ಯಜಮಾನರೂ ಸೇರಿ ಎಲ್ಲರ ಜೊತೆಗೇ ಉದ್ದ ಮೇಜಿಗೆ ಕೂತರು. "ಒಳ್ಳೇ ಹಸಿವಾಗಿದೆ, ಬಡಿಸಿ" ಎಂದರು.

ಅಡುಗೆಯಣ್ಣ ಎದುರಿಗೆ ಬರಬಾರದಲ್ಲ, ಬೈಂಡಿಂಗ್ ಅಕ್ಕನೇ ಬಡಿಸಿ ಕೂತಳು. ಮೇಡಂ ಒಂದು ತುತ್ತು ಬಾಯಿಗಿಟ್ಟರು. ಅಗಿಯುವುದು ನಿಂತಿತು. ನೀರು ಕುಡಿದರು. ಇನ್ನೊಂದು ತುತ್ತು ತೆಗೆದುಕೊಂಡು ಆಚೀಚೆ ನೋಡಿದರು.

ಅಡುಗೆಮನೆಯ ಬಾಗಿಲ ಹಿಂದೆ ರೇನ್‌ಕೋಟಿನಲ್ಲೇ ನಿಂತಿದ್ದ ಅಡುಗೆಯಣ್ಣ ಸಂದಿಗೆ ಕಣ್ಣಿಟ್ಟ. ಮೇಜಿನಲ್ಲಿದ್ದವರಿಗೂ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೆ ಅವನನ್ನು ಉಳಿಸಬೇಕಲ್ಲ! ಮಾಮ ಕಣ್ಣು ಮಿಟುಕಿಸಿದರು.

"ಆಹಾ! ಇನ್ನೊಂದು ಸೌಟು ಹಾಕಮ್ಮಾ" ಎಂದ ತಾತ, ಕಣ್ಣಲ್ಲಿ ನೀರು ತಂದುಕೊಂಡು.

"ದಿನಾ ಇದೇ ಊಟಾನಾ?" ಎಂದು ಮೇಡಂ ಕೇಳಿದರು.

"ದಿನಾ ಇದೇ ಮೇಡಂ! ನಾವು ಅನ್ನ ಮುಟ್ಟಲ್ಲ. ಬೊಜ್ಜಿಗೆ ಅದೇ ಕಾರಣ" ಎಂದರು ಮಾಮ.

"ಎಣ್ಣೆ ಅಂತೂ ವಿಷ" ಎಂದಳು ಅಕ್ಕ.

"ನಮ್ಮ ಅಡುಗೆಯವನು ತಿಂಡಿನೇ ತಿನ್ನಲ್ಲ, ಮೆಟ್ಟಿಲು ಹತ್ತಿ ಬೆವರಿನಲ್ಲೇ ಕೊಬ್ಬು ಕರಗಿಸ್ತಾನೆ" ಎಂದ ತಾತ.

ಮೇಡಂ ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವರ ತುಟಿಯಂಚು ಯಾಕೋ ಅದುರುತ್ತಿತ್ತು. "ಇದನ್ನೆಲ್ಲ ಎಲ್ಲಿ ಕಲಿತ್ರಿ?"

"ನಮ್ಮ ಮಷಿನ್ನಲ್ಲೇ ಅಚ್ಚಾಗ್ತಿರೋ ಪುಸ್ತಕ ಮೇಡಂ!" ಮಾಮನ ಎದೆ ಉಬ್ಬಿತು. "ಯಾರೋ ಬಹಳ ತಿಳಿದವರು ಬರೆದಿದಾರೆ."

"ಬರೆದದ್ದು ನಾನೇ" ಎಂದರು ಮೇಡಂ.

ಮೇಜಿನ ಸುತ್ತ ಒಂದು ಕ್ಷಣ ಸಂತೋಷವೋ ಸಂತೋಷ. ಗೆದ್ದೆವು ಎಂದು ಮಾಮ ತಾತನ ಬೆನ್ನಿಗೆ ಗುದ್ದಿದರು. ಯಜಮಾನರು ಮಾತ್ರ ತಲೆ ತಗ್ಗಿಸಿದ್ದರು. ಪುಸ್ತಕದ ಹೆಸರು ಅವರಿಗೊಬ್ಬರಿಗೆ ಗೊತ್ತಿತ್ತು.

"ಪುಸ್ತಕದ ಹೆಸರು 'ತೂಕದ ಬಗ್ಗೆ ಜನ ನಂಬಿರುವ ಸುಳ್ಳುಗಳು' ಅಂತ. ಪ್ರತಿ ಅಧ್ಯಾಯದ ಮೇಲೆ ಒಂದು ಸುಳ್ಳು. ಅದು ಯಾಕೆ ಸುಳ್ಳು ಅಂತ ಕೆಳಗಿದೆ."

"ಸಣ್ಣಕ್ಷರದಲ್ಲಿ..." ಎಂದು ಮಾಮ ಗೊಣಗಿದರು.

"ಸಣ್ಣಕ್ಷರದಲ್ಲಿ. ಅನ್ನ ತಿಂದ್ರೆ ಏನೂ ಆಗಲ್ಲ, ಹಿಡಿತ ಇರ್ಲಿ ಅಂತ. ತಿಂಡಿ ಬಿಟ್ಟು ಹಸ್ಕೊಂಡು ಕೂತ್ರೆ ಆಮೇಲೆ ಸಿಕ್ಕಿದ್ದನ್ನೆಲ್ಲ ತಿಂತೀರ ಅಂತ. ಬೆವರಲ್ಲಿ ಹೋಗೋದು ನೀರು, ಕೊಬ್ಬಲ್ಲ ಅಂತ. ಅಡುಗೆಗೆ ಒಂದಿಷ್ಟು ಎಣ್ಣೆ ಬೇಕು ಅಂತ." ಮೇಡಂ ತಟ್ಟೆ ಸರಿಸಿದರು. "ಯಜಮಾನರೇ, ಬೇಜಾರು ಮಾಡ್ಕೋಬೇಡಿ. ದಿನಾ ಇದೇ ಊಟ ಅಂದ್ರೆ ಈ ಅಡುಗೆಮನೆ ಮುಚ್ಚೋದೇ ಜನಕ್ಕೆ ಒಳ್ಳೇದು."

ಬಾಗಿಲ ಹಿಂದೆ ದಡಾರೆಂದು ಸದ್ದಾಯಿತು. ದಣಿವೋ, ಸೆಕೆಯೋ, ಆ ಮಾತು ಕೇಳಿದ ಆಘಾತವೋ, ಅಡುಗೆಯಣ್ಣ ಗೋಡೆಗೊರಗಿ ಹಾಗೇ ಕೆಳಕ್ಕೆ ಜಾರಿದ್ದ. ಬಿಸ್ಕತ್ತಿನ ಖಾಲಿ ಡಬ್ಬಿ ಅವನ ಮಡಿಲಲ್ಲಿತ್ತು. ಎಲ್ಲರೂ ಓಡಿದರು. ಮೇಡಂ ರೇನ್‌ಕೋಟಿನ ಗುಂಡಿ ಬಿಚ್ಚಿಸಿ, ನೀರು ಕುಡಿಸಿ, ಕೈಗೆ ಸಿಕ್ಕಿದ ಬೇಳೆಯನ್ನೇ ಒಂದು ಚಮಚ ಬಾಯಿಗಿಟ್ಟರು.

ಅಡುಗೆಯಣ್ಣ ಕಣ್ಣು ಬಿಟ್ಟ. ಒಂದು ಕಣ್ಣು ಮುಚ್ಚಿದ. ಆಮೇಲೆ ಗೊಳೋ ಎಂದು ಅಳತೊಡಗಿದ. "ಅಯ್ಯಯ್ಯೋ, ಉಪ್ಪೇ ಹಾಕಿಲ್ಲವಲ್ಲಾ! ನನ್ನ ಕೈಯಲ್ಲಿ ಇಂಥಾ ಅಡುಗೆ!"

ಬೈಂಡಿಂಗ್ ಅಕ್ಕನಿಗೆ ತಡೆಯಲಾಗಲಿಲ್ಲ. "ಮೇಡಂ, ದಿನಾ ಇದೇ ಅಂದಿದ್ದು ಸುಳ್ಳು! ಈ ಅಣ್ಣನ ಆಲೂಗಡ್ಡೆ ಒಂದ್ಸಲ ತಿಂದು ನೋಡಿ. ನಾವೇ ತಲೆ ಕೆಡಿಸಿ ಹೀಗೆ ಮಾಡಿದ್ದು. ಅವನ ತಪ್ಪು ಏನೂ ಇಲ್ಲ."

"ಹಾಗಾದ್ರೆ ಏಳಿ" ಎಂದರು ಮೇಡಂ. "ನನಗಿನ್ನೂ ಹಸಿವು ಹಾಗೇ ಇದೆ."

ಅಡುಗೆಯಣ್ಣ ಎದ್ದ. ಬಾಣಲೆ ಇಟ್ಟ. ಎಣ್ಣೆ ಕಾದು ಆಲೂಗಡ್ಡೆ ಚುಂಯ್ ಎಂದ ಕೂಡಲೇ ಅವನ ಮುಖಕ್ಕೆ ಕಳೆ ಬಂತು. ಅನ್ನ ಬೆಂದಿತು, ಮೊಟ್ಟೆ ಉಬ್ಬಿತು, ನೀರು ಬೇಳೆ ಗಟ್ಟಿಯಾಯಿತು. ಅಂಗೈಗೆ ಬಿಟ್ಟುಕೊಂಡ, ನೆಕ್ಕಿದ, ಕಣ್ಣು ಮುಚ್ಚಿದ, ಕೈ ಉಪ್ಪಿನ ಡಬ್ಬಿಗೆ ಹೋಯಿತು. ಮಾಮ ಈ ಸಲ ತಾವೇ ಡಬ್ಬಿಯ ಮುಚ್ಚಳ ತೆಗೆದುಕೊಟ್ಟರು. ಮೇಡಂ ಅಡುಗೆಯಣ್ಣನನ್ನೂ ಪಕ್ಕದಲ್ಲೇ ಕೂರಿಸಿಕೊಂಡು ನಿಧಾನವಾಗಿ, ತೃಪ್ತಿಯಾಗಿ ಉಂಡರು. ಬೆರಳು ನೆಕ್ಕಿಕೊಂಡು ಯಜಮಾನರ ಕಡೆ ತಿರುಗಿದರು.

"ಈ ಒಲೆ ಆರಿಸೋ ಮಾತು ಇನ್ನು ಎತ್ತಲೇಬೇಡಿ."

ಅಡುಗೆಯಣ್ಣ ಆನಂದದಲ್ಲಿ ಕೈ ಮುಗಿದ. "ಮೇಡಂ, ನಿಮ್ಮ ಋಣ ಹೇಗೆ ತೀರಿಸ್ಲಿ? ಏನು ಬೇಕಾದ್ರೂ ಕೇಳಿ."

"ಕೇಳಲಾ?" ಮೇಡಂ ಕಣ್ಣು ಮಿನುಗಿತು. "ಆ ರೇನ್‌ಕೋಟು ಇನ್ನೊಂದ್ಸಲ ಹಾಕ್ಕೊಳ್ಳಿ. ಡಬ್ಬಿ ಕೈಯಲ್ಲಿರ್ಲಿ. ಒಂದು ಫೋಟೋ ತೆಗೀಬೇಕು."

ಸಂಜೆ ಅಡುಗೆಯಣ್ಣ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕಾದಿದ್ದಳು. ಸುದ್ದಿ ಅವಳಿಗೂ ಮುಟ್ಟಿತ್ತು. "ಕೆಲಸ ಉಳೀತಾ, ಹೋಯ್ತಾ? ಬೇಗ ಹೇಳಿ."

"ಉಳೀತು ಕಣೇ."

"ಮತ್ಯಾಕೆ ಮುಖ ಹೀಗಿದೆ?"

"ಈ ಮುಖಾನೇ ಪುಸ್ತಕದ ಮುಖಪುಟಕ್ಕೆ ಹಾಕ್ತಾರಂತೆ. ನಾನೂ ಒಪ್ಕೊಂಡುಬಿಟ್ಟೆ."

"ಮುಖಪುಟಕ್ಕಾ! ನಿಮ್ಮನ್ನಾ!" ಹೆಂಡತಿಯ ಕಣ್ಣು ಅರಳಿತು. "ಯಾವ ಪುಸ್ತಕಾರೀ?"

"ಊಟದ ವಿಷಯ. ಜನ ಏನೇನು ಸುಳ್ಳು ನಂಬಿ... ಅದೇ, ತಿನ್ನೋದರ ಬಗ್ಗೆ."

ಮುಂದಿನದನ್ನು ಹೇಳಲು ಅವನು ತಯಾರಾಗುವಷ್ಟರಲ್ಲಿ ಅವಳು ಕಿಟಕಿ ತೆಗೆದಾಗಿತ್ತು. ಪಕ್ಕದ ಮನೆ, ಎದುರು ಮನೆ, ಮೇಲಿನ ಮನೆ, ಎಲ್ಲರಿಗೂ ಒಟ್ಟಿಗೇ ಕೇಳುವಂತೆ ಅವಳ ದನಿ ಮೊಳಗಿತು.

"ಕೇಳಿದ್ರಾ? ಜನ ಹೇಗೆ ಊಟ ಮಾಡ್ಬೇಕು ಅಂತ ಕಲಿಸೋಕೆ ಒಂದು ಪುಸ್ತಕ ಬರ್ತಿದೆ. ಅದಕ್ಕೆ ನಮ್ಮನೆಯವ್ರನ್ನೇ ಆರಿಸಿದಾರೆ! ನಮ್ಮಣ್ಣನ ಮನೆಗೆ, ಅತ್ತಿಗೆ ತವರಿಗೆ, ಎಲ್ಲರಿಗೂ ಒಂದೊಂದು ಪ್ರತಿ ಕಳಿಸ್ತೀನಿ. ನಿಮಗೂ ತೆಗೆದಿಡ್ಲಾ?"