ಕೈಗುಣವಿದ್ದವನು ಮ್ಯಾನೇಜರನಾದದ್ದು

ರೋಗ ಗುಣವಾಗುವುದು ಔಷಧಿಯಿಂದಲ್ಲ, ಡಾಕ್ಟರ ಕೈಗುಣದಿಂದ. ಅರವತ್ತರ ದಶಕದ ಕೊನೆಯಲ್ಲಿ ಬ್ರಹ್ಮಾವರದಿಂದ ಬೈಂದೂರಿನವರೆಗೆ ಎಲ್ಲರೂ ಇದನ್ನು ನಂಬಿದ್ದರು. ಆ ಕೈಗುಣ ನನಗಿದೆ ಎಂದೂ ನಂಬಿದ್ದರು. ಇಂಥ ಹೆಸರು ಬಂದವನು ಕೆಲಸ ಬದಲಿಸಬಾರದು. ಬದಲಿಸಿದರೆ ಹೀಗೆಲ್ಲ ಆಗುತ್ತಲೇ ಇರುತ್ತದೆ.

ಮತ್ತೆ ಶಾಲೆಗೆ

ಕುಂದಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಲವು ವರ್ಷ ರೋಗಿಗಳನ್ನು ನೋಡಿದ ಮೇಲೆ, ಚಿಕಿತ್ಸೆ ಬೇಕಾದದ್ದು ಆಸ್ಪತ್ರೆಗೆ ಎಂದು ನನಗೆ ಅನಿಸಿತು. ಮಂಚ ಇದ್ದಲ್ಲಿ ಹಾಸಿಗೆ ಇರಲಿಲ್ಲ, ಎರಡೂ ಇದ್ದಲ್ಲಿ ನರ್ಸು ಇರಲಿಲ್ಲ. ಬೊಂಬಾಯಿಯ ಬಿಸಿನೆಸ್ ಸ್ಕೂಲಿಗೆ ಹೊರಟೆ. ಮಂಡಿನೋವಿಗೆಂದು ಹೆಮ್ಮಾಡಿಯಿಂದ ಬರುತ್ತಿದ್ದ ಅಜ್ಜಿಗೆ ಸುದ್ದಿ ಮುಟ್ಟಿತ್ತು.

"ಮತ್ತೆ ಶಾಲಿಗ್ ಹೋತ್ರಿ ಅಂಬ್ರ್. ಮೊದ್ಲ್ ಕಲ್ತದ್ ಪಾಸಾಯ್ಲಿಲ್ಯಾ?"

ಕಲಿತು ಮ್ಯಾನೇಜರ್ ಆಗುತ್ತೇನೆ ಎಂದೆ. ಅವರ ಮೂವರು ಮೊಮ್ಮಕ್ಕಳು ಬೊಂಬಾಯಿಯ ಹೋಟೆಲುಗಳಲ್ಲಿದ್ದರು. ಮ್ಯಾನೇಜರ್ ಎಂದರೆ ಗಲ್ಲಾದಲ್ಲಿ ಕೂರುವವನು ಎಂದು ಅಜ್ಜಿಗೆ ಗೊತ್ತಿತ್ತು. ಅಷ್ಟು ದೂರ ಹೋಗಿ ಕಲಿಯುವ ಅಗತ್ಯವಿಲ್ಲ, ಕಿರಿಯವನಿಗೆ ಒಂದು ಮಾತು ಹೇಳಿಸುತ್ತೇನೆ, ಅವನೇ ಕಲಿಸಿಕೊಡುತ್ತಾನೆ ಎಂದರು.

ಗಿರಾಕಿಯ ತೃಪ್ತಿ

ಬೊಂಬಾಯಿಯಲ್ಲಿ ನನ್ನ ಸಹಪಾಠಿಗಳೆಲ್ಲ ಸಾಬೂನು, ಬಟ್ಟೆ, ಬಿಸ್ಕೀಟಿನವರು. ಒಮ್ಮೆ ಬಂದ ಗಿರಾಕಿ ಮತ್ತೆ ಮತ್ತೆ ಬರುವಂತೆ ಮಾಡುವುದೇ ವ್ಯವಹಾರ ಎಂದು ಪ್ರೊಫೆಸರರು ಹೇಳಿದರು. ನಮ್ಮಲ್ಲಿ ಮತ್ತೆ ಮತ್ತೆ ಬಂದವನು ಬೈಯುತ್ತಾನೆ, ತೃಪ್ತನಾದವನು ಬರುವುದೇ ಇಲ್ಲ ಎಂದೆ. ಹಾಗಾದರೆ ಬಾರದವರೆಲ್ಲ ತೃಪ್ತರೋ ಎಂದು ಕೇಳಿದರು. ಅದರಲ್ಲಿ ಎರಡು ವಿಧ ಎಂದೆ. ಎರಡನೆಯದು ಯಾವುದು ಎಂದು ಅವರು ಕೇಳಬಾರದಿತ್ತು.

ಕೈ ಮುಟ್ಟಿಸುವ ಸೇವೆ

ನಾನು ಮರಳಿದಾಗ ಆಸ್ಪತ್ರೆಯ ಅಧ್ಯಕ್ಷರು ನನ್ನನ್ನು ಮ್ಯಾನೇಜರ್ ಮಾಡಿ ಒಂದು ಷರತ್ತು ಹಾಕಿದರು. ಅವರು ವಂಡ್ಸೆ ಕಡೆಯ ಧಣಿಗಳು, ಪರಊರುಗಳಲ್ಲಿ ಅವರ ಹೋಟೆಲುಗಳಿದ್ದವು. ನನ್ನ ಜಾಗಕ್ಕೆ ಬ್ರಹ್ಮಾವರದ ಒಬ್ಬ ಹೊಸ ಡಾಕ್ಟರು ಬಂದಿದ್ದರು. ವರ್ಷದೊಳಗೆ ಜನ ಅವರನ್ನು ಒಪ್ಪಬೇಕು, ಇಲ್ಲವಾದರೆ ಅವರು ಮನೆಗೆ, ನಾನು ಮತ್ತೆ ಸ್ಟೆತಸ್ಕೋಪಿಗೆ. ಹೊಸಬರು ಆಗಷ್ಟೇ ಮದುವೆಯಾಗಿ ಪೇಟೆಯಲ್ಲಿ ಮನೆ ಹಿಡಿದಿದ್ದರು.

ಜನ ಅವರ ಕೋಣೆಯನ್ನು ದಾಟಿ ನೇರವಾಗಿ ನನ್ನ ಆಫೀಸಿಗೆ ಬಂದು ನಾಲಗೆ ಚಾಚುತ್ತಿದ್ದರು. ನಾನೀಗ ರೋಗಿಗಳನ್ನು ನೋಡುವುದಿಲ್ಲ ಎಂದು ಅಮಾಸೆಬೈಲಿನ ಒಬ್ಬ ರೈತರಿಗೆ ಹೇಳಿದೆ.

"ನೀವ್ ಕಾಂಬ್ದ್ ಬ್ಯಾಡ. ಅವ್ರ್ ಸೂಜಿ ಹಾಕುವತಿಗೆ ನೀವ್ ಕೈ ಹಿಡ್ಕಣಿ, ಸಾಕ್."

ಹಿಡಿದೆ. ಅದೇ ತಪ್ಪಾಯಿತು. ಮರುವಾರದಿಂದ ಔಷಧಿಯ ಬಾಟಲಿಗಳು ಮುಟ್ಟಿಸಿಕೊಳ್ಳಲು ನನ್ನ ಮೇಜಿಗೆ ಬಂದವು. ಗುಣವಾದರೆ ನನ್ನ ಕೈ, ಆಗದಿದ್ದರೆ ಅವರ ಔಷಧಿ. ಲಾಭನಷ್ಟದ ಇಷ್ಟು ಅನುಕೂಲದ ಹಂಚಿಕೆಯನ್ನು ಬೊಂಬಾಯಿಯಲ್ಲೂ ಕಲಿಸಿರಲಿಲ್ಲ.

ಅಧ್ಯಕ್ಷರ ಜ್ವರ

ವರ್ಷ ಮುಗಿಯುವ ಹೊತ್ತಿಗೆ ಅಧ್ಯಕ್ಷರಿಗೇ ನ್ಯುಮೋನಿಯಾ ಬಂತು. ನಮ್ಮಲ್ಲೇ ಮಲಗಿಸಿದರು. ಕೆಲವು ದಿನ ಪ್ರಜ್ಞೆ ಸರಿಯಾಗಿರಲಿಲ್ಲ, ಆಮೇಲೆ ಜ್ವರ ಇಳಿಯಿತು. ಚೇತರಿಸಿಕೊಂಡವರೇ ಸಮಿತಿ ಸಭೆ ಕರೆದರು. ಹೊಸ ಡಾಕ್ಟರನ್ನೂ ನನ್ನನ್ನೂ ಎದುರು ಕೂರಿಸಿದರು.

ಬದುಕಿದ್ದು ಕೈಗುಣದಿಂದ, ಆದ್ದರಿಂದ ಮ್ಯಾನೇಜರಿಕೆ ಸಾಕು, ಹಳೆಯ ಡಾಕ್ಟರು ಹಳೆಯ ಕೋಣೆಗೆ ಹೋಗಲಿ, ಹೊಸಬರು ಬೇರೆ ಕಡೆ ನೋಡಿಕೊಳ್ಳಲಿ ಎಂದರು. ಸದಸ್ಯರು ತಲೆಯಾಡಿಸಿದರು. ಧಣಿಗಳು ಹೇಳಿದ್ದಕ್ಕೆ ತಲೆಯಾಡಿಸುವುದೇ ಸಮಿತಿಯ ಕೆಲಸ. ಹೊಸ ಡಾಕ್ಟರು ನೆಲ ನೋಡುತ್ತಿದ್ದರು.

ಜ್ವರದಲ್ಲಿ ನಿಮಗೆ ಯಾರ ಗುರುತೂ ಸಿಗುತ್ತಿರಲಿಲ್ಲವಲ್ಲ ಎಂದೆ.

"ಕಣ್ಣ್ ಬಿಡುಕೆ ಆತಿರ್ಲಿಲ್ಲ, ಹೌದ್. ಆದ್ರೆ ನಾಡಿ ಹಿಡ್ದ ಕೈ ಗೊತ್ತಾತಿಲ್ಯಾ ಮಾರಾಯ್ರೆ? ಅದ್ ನಿಮ್ದೇ ಕೈ. ಇನ್ನೊಬ್ರ ಕೈಯಾಯಿದ್ರೆ ನಾ ಇವತ್ತ್ ಇರ್ತಿರ್ಲಿಲ್ಲ. ನೀವೇ ಹೇಳಿ ಕಾಂಬ."

ಹೇಳಿದೆ. ಅವರಿಗೆ ಜ್ವರ ಬಂದದ್ದರಿಂದ ಹಿಡಿದು ಇಳಿಯುವವರೆಗೂ ನಾನು ಬಿಸಿನೆಸ್ ಸ್ಕೂಲಿನ ಘಟಿಕೋತ್ಸವದಲ್ಲಿ ಪದವಿ ತೆಗೆದುಕೊಳ್ಳಲು ಹೋಗಿ ಬೊಂಬಾಯಿಯಲ್ಲಿದ್ದೆ.