ಸದ್ದಿಲ್ಲದ ಶಾಲೆ

ಗಂಡನಿಗೆ ವರ್ಗವಾದ ದಿನವೇ ನಾನು ಘೋಷಿಸಿಬಿಟ್ಟೆ: ಮೊದಲು ಶಾಲೆ, ಆಮೇಲೆ ಮನೆ! ಊರು ಹೊಸದಾದರೇನು, ಸರ್ಕಾರಿ ಶಾಲೆಗಳನ್ನು ಜರಡಿ ಹಿಡಿದು ಮಗಳಿಗೆ ಒಂದನ್ನು ಆರಿಸುವ ಮಹಾಕಾರ್ಯ ನನ್ನದು. ಒಂದನೇ ತರಗತಿಗೆ ಸೇರಬೇಕಾದ ನನ್ನ ಕೂಸು ಹೊರಗಿನವರ ಮುಂದೆ ತುಟಿ ಪಿಟಕ್ಕೆನ್ನುವುದಿಲ್ಲ. ಗಲಾಟೆಯ ಶಾಲೆಗೆ ಹಾಕಿದರೆ ಕಳೆದೇ ಹೋಗುತ್ತಾಳೆ ಎಂದು ನನಗೆ ನಿದ್ದೆಯೇ ಇರಲಿಲ್ಲ.

ಊರಲ್ಲಿದ್ದದ್ದು ಎರಡೇ ಶಾಲೆ. ಮಾರುಕಟ್ಟೆ ಹಿಂದಿನದರ ಗೋಡೆಯಾಚೆ ಕಿವಿಗೊಟ್ಟೆ. ಅಬ್ಬಬ್ಬಾ, ಚಾವಣಿ ಹಾರಿಹೋಗುವಂಥ ಗದ್ದಲ! ಮೂಗು ಮುರಿದು ಊರಾಚೆಯ ಹಳದಿ ಶಾಲೆಗೆ ನಡೆದೆ. ಗೇಟು ಮುಚ್ಚಿತ್ತು, ಅಂಗಳ ಗುಡಿಸಿಟ್ಟಂತಿತ್ತು. ಎಷ್ಟು ಹೊತ್ತು ನಿಂತರೂ ಒಂದು ಕೆಮ್ಮು ಕೂಡ ಕೇಳಲಿಲ್ಲ. ಇದಲ್ಲವೇ ಶಿಸ್ತು!

"ಒಳಗೆ ಹೋಗಿ ಒಂದು ಮಾತು ಕೇಳೋಣ ಕಣೇ," ಎಂದರು ಇವರು.

"ಒಳಗೆ ಹೋದ್ರೆ ಚೆನ್ನಾಗಿರೋದನ್ನಷ್ಟೇ ತೋರಿಸ್ತಾರೆ ರೀ. ಶಾಲೇನ ಹೊರಗಿಂದ್ಲೇ ಅಳೀಬೇಕು."

ಅಳೆದೆ. ಅದರ ಎದುರಿನ ಮನೆಯನ್ನೇ ಬಾಡಿಗೆಗೆ ಹಿಡಿದು, ಸಾಮಾನು ಇಳಿಸಿ, ಮಗಳ ತಲೆ ಬಾಚಿ, ಸೋಮವಾರ ಗೇಟು ತಳ್ಳಿದೆ. ತರಗತಿಯ ತುಂಬ ಕಾಲು ಮುರಿದ ಬೆಂಚುಗಳು! ಅವುಗಳಿಗಿಂತ ಶಿಸ್ತಿನ ವಿದ್ಯಾರ್ಥಿಗಳು ಇನ್ನೆಲ್ಲಿ ಸಿಕ್ಕಾರು?

ಮನೆಯೊಡತಿಯ ಬಳಿ ಓಡಿದೆ.

"ಆ ಶಾಲೆ ಹೋದ ವರ್ಷವೇ ಮಾರುಕಟ್ಟೆ ಶಾಲೆಗೆ ಸೇರಿಹೋಯ್ತಲ್ಲಮ್ಮ," ಎಂದರು ಅವರು ತಣ್ಣಗೆ.

"ಒಂದು ಮಾತು ಹೇಳಬಾರದಿತ್ತೇ?"

"ನೀನು ಶಾಲೆ ಅಂತ ಎಲ್ಲಿ ಕೇಳಿದೆ ತಾಯಿ? ಸದ್ದಿಲ್ಲದ ಜಾಗ ಅಂದೆ. ಕೊಟ್ಟೆ."

ಇವರು ಬೂಟಿನ ದಾರವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಕಟ್ಟಿದರು, ಅಷ್ಟೇ. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ಬೇರೆ ದಾರಿಯಿಲ್ಲದೆ ಊರಿಡೀ ದಾಟಿ ಮಾರುಕಟ್ಟೆ ಶಾಲೆಗೆ ಹೋದೆವು. ಮಗಳು ನನ್ನ ಕೈ ಬಿಡಲೊಲ್ಲಳು. ನಿಜ ಹೇಳಬೇಕೆಂದರೆ ನಾನೇ ಅವಳ ಕೈ ಬಿಡಲೊಲ್ಲೆ. "ನೀವು ಹೊರಡಿ, ಅವಳು ಸರಿಹೋಗ್ತಾಳೆ," ಎಂದು ಮುಖ್ಯೋಪಾಧ್ಯಾಯಿನಿ ನನ್ನನ್ನೇ ಸಮಾಧಾನಪಡಿಸಿ ಸಾಗಹಾಕಿದರು.

ಆ ವಾರವೆಲ್ಲ ಮನೆಯಲ್ಲಿ ಕೂರಲಾರದೆ, ನಿಲ್ಲಲಾರದೆ, ಆಟದ ಬಿಡುವಿನ ಹೊತ್ತಿಗೆ ಗೋಡೆಯ ಪಕ್ಕ ಹಾಜರಾಗುತ್ತಿದ್ದೆ. ಮಗಳ ಅಳು ಕೇಳೀತೆಂದು ಕಿವಿ ನಿಮಿರಿಸಿದರೆ ಬರೀ ಗದ್ದಲ. ಶುಕ್ರವಾರ ಆ ಗದ್ದಲದ ನೆತ್ತಿಯ ಮೇಲೆ ಒಂದು ದನಿ ಏರಿತು: "ಏಯ್, ಇದು ನನ್ನ ಸರದಿ! ಎಲ್ಲರೂ ಹಿಂದೆ ಸರೀರಿ!"

ಅದು ನನ್ನ ಮಗಳ ದನಿ. ತುಟಿ ಪಿಟಕ್ಕೆನ್ನದ ನನ್ನ ಕೂಸು!

ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಬ್ಬ ತಾಯಿ ಗೋಡೆಗೆ ಕಿವಿ ಹಚ್ಚಿ ನಿಂತಿದ್ದಳು. ಊರಿಗೆ ಹೊಸಬಳಂತೆ, ಶಾಲೆ ಹುಡುಕುತ್ತಿದ್ದಾಳಂತೆ.

"ಹಾಗೆ ಕಿರುಚ್ತಿರೋ ಮಗು ಯಾರದ್ದೋ," ಎಂದಳು ಮುಖ ಕಿವುಚಿ. "ಅವರಮ್ಮ ಹೇಗೆ ಬೆಳೆಸಿದ್ದಾಳೋ. ಇಲ್ಲಿ ಸದ್ದಿಲ್ಲದ ಶಾಲೆ ಯಾವುದಾದ್ರೂ ಇದೆಯೇನ್ರೀ?"

ಹಳದಿ ಶಾಲೆಯ ದಾರಿ ನಾಲಿಗೆಯ ತುದಿಗೇ ಬಂದಿತ್ತು. ಹೇಗೋ ನುಂಗಿಕೊಂಡೆ.

"ಹೊರಗೆ ನಿಂತು ಏನು ಗೊತ್ತಾಗುತ್ತೆ ರೀ," ಎಂದೆ. "ಒಳಗೆ ಹೋಗಿ ಒಂದು ಮಾತು ಕೇಳಿ."

ಪುಣ್ಯಕ್ಕೆ ನನ್ನ ಗಂಡ ಆಫೀಸಿನಲ್ಲಿದ್ದರು.