ಸುರುಳಿಯ ತುದಿ ಹಿಡಿದ ಕೈ ಬಿಡದಿರುವ ಬಗ್ಗೆ

ವಸತಿಗೃಹ ನಿರ್ವಹಣಾ ವಿಭಾಗ, ನಾಶಿಕ್
ಸುತ್ತೋಲೆ ಸಂಖ್ಯೆ: ವನಿವಿ/ತಂತಿ/07/2025-26

ವಿಷಯ: ಸಿಬ್ಬಂದಿ ವಸತಿಗೃಹದಲ್ಲಿ ಖಾಸಗಿ ವೆಲ್ಡಿಂಗ್ ಯಂತ್ರದ ತಂತಿ ಸುರುಳಿ ಬದಲಿಸುವ ಕುರಿತು.

ಉಲ್ಲೇಖ: 1. ಮೆಟ್ಟಿಲಿನ ರೇಲಿಂಗ್ ಮುರಿದ ಬಗ್ಗೆ ಶ್ರೀ ವೈಜನಾಥ ಅವರ ಹನ್ನೊಂದು ಅರ್ಜಿಗಳು (ಪರಿಶೀಲನೆಯಲ್ಲಿವೆ).
2. ಅದನ್ನು ಅವರೇ ಬೆಸೆಯುತ್ತಿರುವ ಬಗ್ಗೆ ಒಂದು ಅನಾಮಧೇಯ ದೂರು (ಅದೇ ದಿನ ಕ್ರಮ ಕೈಗೊಳ್ಳಲಾಗಿದೆ).

ಬೀದರ್ ಕಡೆಯಿಂದ ವರ್ಗವಾಗಿ ಬಂದು ಮೂರನೇ ಮಹಡಿಯಲ್ಲಿರುವ ಗುಮಾಸ್ತ ವೈಜನಾಥ ಅವರು, ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಪತ್ನಿ ಸುಶೀಲಾಬಾಯಿ ಐದು ತಿಂಗಳಿಂದ ಕೆಳಗಿಳಿದಿಲ್ಲವೆಂಬ ಕ್ಷುಲ್ಲಕ ಕಾರಣಕ್ಕೆ, ಅಂಬಡ್ ಕೈಗಾರಿಕಾ ಪ್ರದೇಶದಲ್ಲಿ ಹಳೆಯ ವೆಲ್ಡಿಂಗ್ ಯಂತ್ರ ಕೊಂಡು ರೇಲಿಂಗ್ ಕೂಡಿಸತೊಡಗಿರುತ್ತಾರೆ. ಮೇಲಿನಿಂದ ಇಪ್ಪತ್ತೆರಡನೇ ಮೆಟ್ಟಿಲಿಗೆ, ಕರಗಿ ಬೆಸುಗೆಯಾಗುವ ತಂತಿ ಮುಗಿದಿದೆ. ಹದಿನಾಲ್ಕು ಮೆಟ್ಟಿಲು ಬಾಕಿ. ಹೊಸ ಸುರುಳಿ ಏರಿಸುತ್ತಿರುವಾಗಲೇ ಅವರನ್ನು ತಡೆಯಲಾಗಿದ್ದು, ಈ ಮೂಲಕ ಸೂಚಿಸುವುದೇನೆಂದರೆ:

1. ಪೂರ್ವಾನುಮತಿಯಿಲ್ಲದೆ ಸುರುಳಿ ಬದಲಿಸತಕ್ಕದ್ದಲ್ಲ. ಅನುಮತಿ ಕೊಡುವ ಅಧಿಕಾರ ಯಾರಿಗಿದೆಯೆಂದು ಕೇಳುವ ಕಡತ ಛತ್ರಪತಿ ಸಂಭಾಜಿನಗರದ ಮೇಲಿನ ಕಚೇರಿಗೆ ಹೊರಟಿದೆ. ಒಯ್ದ ನೌಕರರು ದಾರಿಯ ಖುಲ್ತಾಬಾದ್‌ನಲ್ಲಿ ದೇವರ ದರ್ಶನಕ್ಕೆ ಇಳಿದಿರುವುದರಿಂದ ಕಡತವೂ ಅಲ್ಲಿಯೇ ಇದೆ.

2. ತುದಿ ಬಿಟ್ಟರೆ ತಂತಿ ಸ್ಪ್ರಿಂಗಿನಂತೆ ಚಿಮ್ಮಿ ಇಡೀ ಸುರುಳಿ ಗೋಜಲಾಗುವುದೆಂದು ವೈಜನಾಥ ಅವರೇ ತಿಳಿಸಿರುತ್ತಾರೆ. ಆದಕಾರಣ ಅನುಮತಿ ಬರುವವರೆಗೆ ಅವರು ತುದಿ ಹಿಡಿದೇ ಇರತಕ್ಕದ್ದು. ತುದಿಯನ್ನು ಬಗ್ಗಿಸಿ ಸುರುಳಿಯ ತೂತಿಗೆ ಸಿಕ್ಕಿಸುವುದನ್ನೂ ಬದಲಾವಣೆಯೆಂದೇ ಪರಿಗಣಿಸಲಾಗುವುದು.

3. ಅರ್ಜಿಗೆ ಬಲಗೈಯಿಂದಲೇ ಸಹಿ ಮಾಡತಕ್ಕದ್ದು. ಬಲಗೈಯಲ್ಲಿ ತಂತಿಯಿತ್ತೆಂಬ ನೆಪದಲ್ಲಿ ಎಡಗೈಯಿಂದ ಮಾಡಿದ ಸಹಿ ತಾಳೆಯಾಗದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ.

4. ತಂತಿ ಹಿಡಿದು ಕುಳಿತ ದಿನಗಳನ್ನು ಗೈರುಹಾಜರಿಯೆಂದು ಬರೆಯಲು ಉದ್ದೇಶಿಸಲಾಗಿತ್ತು. ಆದರೆ ಏನೂ ಮಾಡದೆ ಒಂದೇ ಕಡೆ ಕುಳಿತಿರುವುದು ಕಚೇರಿಯ ಪದ್ಧತಿಗೆ ಅನುಗುಣವೇ ಆಗಿದೆಯೆಂದು ಹಿರಿಯ ಗುಮಾಸ್ತೆ ವಾರಿಜಾಕ್ಷಿಯವರು ಟಿಪ್ಪಣಿ ಬರೆದಿರುವುದರಿಂದ ಹಾಜರಿ ನೀಡಲಾಗಿದೆ.

5. "ಸಾಹೇಬ್ರ, ಹದಿನಾಲ್ಕ ಮೆಟ್ಟಲಾ ಅಷ್ಟ ಉಳ್ದಾವ್ರಿ. ಅರ್ಧಾ ತಾಸಿನ ಕೆಲ್ಸ. ಆಕಿ ಅಂಗಳದ ಬಿಸಲ ಕಂಡು ಐದ ತಿಂಗಳಾತ್ರಿ" ಎಂಬ ಅವರ ಮೌಖಿಕ ಹೇಳಿಕೆಯನ್ನು ಅಪ್ರಸ್ತುತವೆಂದು ಕಡತದಿಂದ ತೆಗೆಯಲಾಗಿದೆ. ಬಿಸಿಲು ಈ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲ.

6. ಸುಶೀಲಾಬಾಯಿಯವರು ದಿನಾಲು ಇಪ್ಪತ್ತೆರಡನೇ ಮೆಟ್ಟಿಲವರೆಗೆ ಇಳಿದು, ಅಲ್ಲಿ ಕುಳಿತು, ಪತಿಯ ಬಾಯಿಗೆ ರೊಟ್ಟಿಯ ತುತ್ತು ಇಡುತ್ತಿರುವುದು ಗಮನಕ್ಕೆ ಬಂದಿದೆ. ಮೆಟ್ಟಿಲು ಇರುವುದು ಹತ್ತಿಳಿಯಲು.

7. ಅರ್ಧ ರೇಲಿಂಗನ್ನು ವಿಭಾಗದ ವಾರ್ಷಿಕ ಸಾಧನೆಯಲ್ಲಿ ಪೂರ್ಣವೆಂದು ಈಗಾಗಲೇ ತೋರಿಸಲಾಗಿದೆ. ಆದ್ದರಿಂದ ಉಳಿದ ಹದಿನಾಲ್ಕು ಮೆಟ್ಟಿಲುಗಳಲ್ಲಿ ಯಾರೂ ಬೀಳತಕ್ಕದ್ದಲ್ಲ.

8. ಹಿಂದಿ, ಮರಾಠಿ ಸುತ್ತೋಲೆಗಳು ತಮಗೆ ತಿಳಿಯಲಿಲ್ಲವೆಂದು ವೈಜನಾಥ ಅವರು ಎರಡು ಬಾರಿ ಜಾರಿಕೊಂಡಿರುವುದರಿಂದ ಇದನ್ನು ಕನ್ನಡದಲ್ಲಿಯೇ ಹೊರಡಿಸಲಾಗಿದೆ. ಇನ್ನು ನೆಪವಿಲ್ಲ.

(ಸಹಿ/-)
ಪ್ರಭಾಕರ
ಅಧೀಕ್ಷಕರು (ಪ್ರಭಾರ)

ಪ್ರತಿಗಳು:
1. ಮೇಲಿನ ಕಚೇರಿ, ಛತ್ರಪತಿ ಸಂಭಾಜಿನಗರ: ಖುಲ್ತಾಬಾದ್ ಮಾರ್ಗವಾಗಿ.
2. ಅನಾಮಧೇಯ ದೂರುದಾರರಾದ ಶ್ರೀ ಗುರುಬಸವ, ಎರಡನೇ ಮಹಡಿ: ಧನ್ಯವಾದಗಳೊಂದಿಗೆ.
3. ಶ್ರೀ ವೈಜನಾಥ: ಎಡಗೈಗೆ ಕೊಟ್ಟು ಬಲಗೈಯ ಸಹಿ ಪಡೆಯತಕ್ಕದ್ದು.
4. ಶ್ರೀಮತಿ ಸುಶೀಲಾಬಾಯಿ: ಆಕ್ಷೇಪಣೆಯಿದ್ದಲ್ಲಿ ಏಳು ದಿನಗಳೊಳಗೆ ಖುದ್ದಾಗಿ ಕೆಳಗಿಳಿದು ಬಂದು ಸಲ್ಲಿಸತಕ್ಕದ್ದು. ಬಾರದಿದ್ದಲ್ಲಿ ಆಕ್ಷೇಪಣೆಯಿಲ್ಲವೆಂದು ಭಾವಿಸಲಾಗುವುದು.